ಅಪ್ಪಿಯ ಬಲಗೈ

ಶಂಕರಪುರದ ಅಪ್ಪಿಯ ಬಲಗೈ ಭುಜದಿಂದ ಮೇಲೆ ಹೋಗುತ್ತಿರಲಿಲ್ಲ. ತಲೆ ಬಾಚಲು ಪಕ್ಕದ ಮನೆಯ ವೆರೊನಿಕಾ ಬರಬೇಕು. ರವಿಕೆಗೆ ಕೈ ತೂರಿಸಲು ಗಂಡ ದೇವದಾಸ ಹಿಡಿದುಕೊಳ್ಳಬೇಕು. ಮೂವತ್ತು ವರ್ಷ ಮಲ್ಲಿಗೆ ಕಟ್ಟಿದ ಕೈ ಅದು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬಾಳೆನಾರಿನಲ್ಲಿ ಮೊಗ್ಗು ಸೇರಿಸಿ ಸೇರಿಸಿ, ಕೈ ಹಾಗೇ ಹಿಡಿದುಬಿಟ್ಟಿತ್ತು. ಹೂ ಕಟ್ಟಲು ಈಗಲೂ ತೊಂದರೆಯಿಲ್ಲ. ಎತ್ತಲು ಮಾತ್ರ ಆಗುವುದಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಅನ್ವಿತಾ ಎಂಬ ಹುಡುಗಿ ಪರೀಕ್ಷೆ ಮಾಡಿ, ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿದರೆ ಹಿಡಿತ ಬಿಡುತ್ತದೆ ಅಂದಳು. ಆನ್‌ಲೈನಿನಲ್ಲಿರುವ ಒಂದು ವಿಡಿಯೋ ತೋರಿಸಿದಳು. ಫೋನಿನ ಚಿಕ್ಕ ಪರದೆ ಅಪ್ಪಿಯ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾರ್ಕಳಕ್ಕೆ ಮದುವೆಯಾಗಿ ಹೋದ ಮಗಳು ಮೋಕ್ಷಾಳ ಹಳೆಯ ಲ್ಯಾಪ್‌ಟಾಪ್ ಕಪಾಟಿನಲ್ಲಿತ್ತು. ಅದರಿಂದ ಟಿವಿಗೆ ವೈರ್ ಹಾಕುವುದನ್ನು ಅವಳು ಅಪ್ಪನಿಗೆ ಫೋನಿನಲ್ಲೇ ಹೇಳಿಕೊಟ್ಟಳು. ದೇವದಾಸ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ರಿಕ್ಷಾ ಬಿಟ್ಟರೆ ಬೇರೆ ಯಂತ್ರ ಮುಟ್ಟಿದವನಲ್ಲ. ಮೊದಲ ದಿನ ಟಿವಿ ಬರೀ ನೀಲಿಯಾಗಿ ನಿಂತಾಗ ಬೆವರಿದ. ರಿಮೋಟಿನಲ್ಲಿ ಒಂದು ಬಟನ್ ಒತ್ತಬೇಕಿತ್ತು, ಅಷ್ಟೇ. ಅಲ್ಲಿಂದ ಮೇಲೆ ದಿನಾ ಬೆಳಿಗ್ಗೆ ಹೂ ಕೊಯ್ದು ಬಂದು, ಅಪ್ಪಿಯ ಫೋನಿನಿಂದ ನೆಟ್ ಕೊಟ್ಟು, ವಿಡಿಯೋ ಶುರು ಮಾಡಿ, ಶಾಲೆಯ ಮಕ್ಕಳ ಟ್ರಿಪ್ಪಿಗೆ ಹೊರಡುವನು. ಬಂದು ಕೇಳಿದರೆ ಅಪ್ಪಿ ‘ಆಯ್ತು’ ಅನ್ನುವಳು. ಅವನು ನಂಬಿದ್ದ.

ಆರು ವಾರ ಬಿಟ್ಟು ಮಣಿಪಾಲಕ್ಕೆ ಹೋದಾಗ ಅನ್ವಿತಾ ಕೈ ಹಿಡಿದು ಎತ್ತಿಸಿ ನೋಡಿದಳು. ಮೊದಲಿಗಿಂತ ಎರಡು ಬೆರಳಿನಷ್ಟು ಕಡಿಮೆ ಎತ್ತರಕ್ಕೇ ಹೋಯಿತು.

“ಅಮ್ಮ, ನೀವು ಮಾಡ್ತಾ ಇಲ್ಲ ಅಲ್ವಾ?”

“ದಿನಾ ನೋಡ್ತೇನೆ. ಕುತ್ತಿಗೆ ತಿರುಗಿಸುದು, ಉಸಿರು ಎಳೆಯುದು, ಅದೆಲ್ಲ ಮಾಡ್ತೇನೆ.”

“ಕೈ ಎತ್ತುದು?”

“ಕೈಯಲ್ಲಿ ಹೂ ಇರ್ತದಲ್ಲ.”

ಅನ್ವಿತಾ ನಗಲಿಲ್ಲ. ಹೀಗೇ ಬಿಟ್ಟರೆ ಕೈ ವರ್ಷಗಟ್ಟಲೆ ಹೀಗೇ ಉಳಿಯಬಹುದು, ಆಮೇಲೆ ಪ್ರಜ್ಞೆ ತಪ್ಪಿಸಿ ಬಿಡಿಸಬೇಕಾಗಬಹುದು ಎಂದು ದೇವದಾಸನ ಮುಖ ನೋಡಿ ಹೇಳಿದಳು.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಬಸ್ಸಿಗೆ ಕಾಯುವಾಗ, ಯಾಕೆ ಮಾಡಲಿಲ್ಲ ಎಂದು ಅವನು ಮೆಲ್ಲನೆ ಕೇಳಿದ. ಹೂ ಒಂಬತ್ತಕ್ಕೆ ಮೊದಲು ಕಟ್ಟೆಗೆ ಮುಟ್ಟಬೇಕಲ್ಲ ಅಂದಳು ಅಪ್ಪಿ. ಕಟ್ಟೆಯೆಂದರೆ ಹೂವಿನ ವ್ಯಾಪಾರಿ ಲಿಗೋರಿ ಹೂ ತೆಗೆದುಕೊಳ್ಳುವ ಜಾಗ. ವೆರೊನಿಕಾ ಕಟ್ಟಿಕೊಡಲಿ ಎಂದು ದೇವದಾಸ ಹೇಳಿ ನೋಡಿದ.

“ಬೇರೆಯವರು ಕಟ್ಟಿದ್ದು ನನ್ನದರ ಹಾಗೆ ಇರ್ತದಾ? ಅಪ್ಪಿ ಕಟ್ಟಿದ್ದು ಅಂದ್ರೆ ಲಿಗೋರಿ ಎತ್ತಿ ನೋಡದೇ ತಕೊಳ್ತಾನೆ.”

ಆ ಮನೆಯಲ್ಲಿ ಹೆಸರು ಅಂತ ಗಳಿಸಿದ್ದು ಅವಳೊಬ್ಬಳೇ.

ಮರುದಿನ ಅವನು ಮಕ್ಕಳ ಟ್ರಿಪ್ಪನ್ನು ರಿಕ್ಷಾ ಸ್ಟ್ಯಾಂಡಿನ ಜೋಕಿಮನಿಗೆ ಒಪ್ಪಿಸಿದ. ಟಿವಿ ಹಾಕಿ, ಹೂವಿನ ಬುಟ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಾನೇ ಕಟ್ಟತೊಡಗಿದ.

“ಅದು ರಿಕ್ಷಾದ ಹ್ಯಾಂಡಲ್ ಅಲ್ಲ ಮಾರಾಯ್ರೆ,” ಅಂದಳು ಅಪ್ಪಿ. “ಮೊಗ್ಗು ಸಾಯ್ತದೆ.”

ಟಿವಿಯ ಹೆಂಗಸು ಕೋಲು ಹಿಡಿದು ಕೈ ಎತ್ತುತ್ತಿದ್ದಳು. ಅಪ್ಪಿ ಕೋಲಿನ ಬದಲು ಕೊಡೆ ಹಿಡಿದುಕೊಂಡಿದ್ದಳು, ಆದರೆ ಕಣ್ಣು ಪೂರ್ತಿ ಗಂಡನ ಬೆರಳಿನ ಮೇಲೆ. ಅವನು ತಿರುಗಿ, ಅವಳಿಗೆ ಬೆನ್ನು ಹಾಕಿ ಕೂತ.

ಕಟ್ಟೆಯಲ್ಲಿ ಲಿಗೋರಿ ಮಾಲೆ ಎತ್ತಿದ. ನಾಲ್ಕು ಮೊಗ್ಗು ನೆಲಕ್ಕೆ ಬಿತ್ತು.

“ದೇವದಾಸಣ್ಣ, ಇದು ಅಪ್ಪಿಯಕ್ಕನ ಹೂ ಅಲ್ಲ,” ಎಂದು ಅದನ್ನು ಬದಿಗೆ ಇಟ್ಟ.

ಮನೆಗೆ ಬಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅಪ್ಪಿ ಆ ಮಧ್ಯಾಹ್ನ ಗಂಜಿ ಮುಟ್ಟಲಿಲ್ಲ. ನಾಳೆ ಇವಳು ಬುಟ್ಟಿ ಕಿತ್ತುಕೊಳ್ಳುತ್ತಾಳೆ, ಕೈಯ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡ.

ಬೆಳಿಗ್ಗೆ ಅಪ್ಪಿ ಬುಟ್ಟಿಯ ಹತ್ತಿರ ಬಂದೇ ಬಂದಳು. ಅವನು ತಡೆಯಲಿಲ್ಲ. ಅವಳು ಒಂದು ಎಳೆ ನಾರು ತೆಗೆದು, ಆರೇ ಆರು ಮೊಗ್ಗನ್ನು ಅವನಿಗೆ ಕಾಣುವ ಹಾಗೆ ಮೆಲ್ಲ ಮೆಲ್ಲ ಕಟ್ಟಿದಳು.

“ಇಷ್ಟು ಬಿಗಿ. ಇನ್ನೂ ಎಳೆದ್ರೆ ತೊಟ್ಟು ತುಂಡಾಗ್ತದೆ.” ಅವನ ಕೈಗೆ ಕೊಟ್ಟಳು. “ಇದು ಅಪ್ಪಿ ಕಟ್ಟಿದ್ದಲ್ಲ ಅಂತ ಲಿಗೋರಿಗೆ ನೀವೇ ಮೊದಲು ಹೇಳಿ.”

ಮತ್ತೆ ಬುಟ್ಟಿಯ ಕಡೆ ನೋಡಲಿಲ್ಲ. ಟಿವಿಯ ಮುಂದೆ ನಿಂತು ಎರಡೂ ಕೈಯಲ್ಲಿ ಕೊಡೆ ಹಿಡಿದು ಎತ್ತಿದಳು. ಭುಜದ ಮಟ್ಟಕ್ಕೆ ಬಂದು ಕೈ ನಿಂತಿತು. ಅವಳ ಬಾಯಿಂದ ಒಂದು ಸ್ವರ ಹೊರಟಿತು. ದೇವದಾಸನಿಗೆ ಎದ್ದು ಹೋಗಿ ಹಿಡಿಯಬೇಕೆನಿಸಿತು. ತೊಡೆಯ ಮೇಲೆ ಹೂವಿತ್ತು, ಕೂತೇ ಇದ್ದ. ಟಿವಿಯ ಹೆಂಗಸು ಹತ್ತು ಎಣಿಸುವವರೆಗೂ ಅಪ್ಪಿ ಕೈ ಇಳಿಸಲಿಲ್ಲ.