ಅಂಬಿಕಾಳ ಅಚ್ಚುಕಟ್ಟಾದ ನೋಟ್‌ಬುಕ್

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಆಗ ಎರಡು ವರ್ಷವಾಗಿತ್ತು. ನಾನು ಹೈದರಾಬಾದಿನ ಮಿಯಾಪುರದ ಒಂದು ಖಾಸಗಿ ಶಾಲೆಯಲ್ಲಿ ಯುಕೆಜಿ ಟೀಚರ್. ಶಾಲೆ ಎಂದರೆ ದೊಡ್ಡದೇನಲ್ಲ, ಗಲ್ಲಿಯೊಳಗಿನ ಎರಡಂತಸ್ತಿನ ಬಾಡಿಗೆ ಮನೆ. ಯುಕೆಜಿ ಮುಗಿದರೆ ಮಕ್ಕಳು ಬೇರೆ ಶಾಲೆ ಹುಡುಕಿಕೊಳ್ಳಬೇಕು. ನನ್ನ ತರಗತಿಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದರು. ಆ ಹೊತ್ತಿಗೆ ನನಗೆ ಹತ್ತೊಂಬತ್ತು ವರ್ಷದ ಅನುಭವವಿತ್ತು. ಅನುಭವಸ್ಥರು ತಪ್ಪು ಮಾಡುವುದಿಲ್ಲ ಎಂದು ನಂಬಿದವರು ಯಾರಾದರೂ ಇದ್ದರೆ ಅವರು ಇದನ್ನು ಓದಬೇಕು.

ಮಕ್ಕಳಿಗೆ ಅಕ್ಷರ ಬರೆಸುವುದಕ್ಕೆ ಒಂದು ಕ್ರಮವಿದೆ. ಮೊದಲು ಬೆರಳಿಗೆ ಬಲ ಬರಬೇಕು. ಹಿಟ್ಟು ನಾದಿಸುವುದು, ಹುಣಸೆ ಬೀಜ ಆರಿಸುವುದು, ಕಾಗದ ಹರಿಸುವುದು ಎಲ್ಲ ಅದಕ್ಕೇ. ಆಮೇಲೆ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಸಬೇಕು. ನಿಂತ ಗೆರೆಗೆ ಸ್ಟ್ಯಾಂಡಿಂಗ್ ಲೈನ್, ಮಲಗಿದ ಗೆರೆಗೆ ಸ್ಲೀಪಿಂಗ್ ಲೈನ್ ಅನ್ನುತ್ತೇವೆ. ಇವು ಕೈಗೆ ಹತ್ತಿದ ಮೇಲೆ ಪೆನ್ಸಿಲ್, ಕೊಟ್ಟಕೊನೆಗೆ ನೋಟ್‌ಬುಕ್. ಇದೆಲ್ಲ ನನಗೆ ಗೊತ್ತಿತ್ತು.

ಆ ವರ್ಷವೂ ಮರಳಿನಿಂದಲೇ ಶುರುಮಾಡಿದ್ದೆ. ಆಗಸ್ಟ್‌ನಲ್ಲಿ ಪ್ರಿನ್ಸಿಪಾಲ್ ಮೇಡಂ ತರಗತಿಗೆ ಬಂದು ತಟ್ಟೆಗಳನ್ನು ನೋಡಿದರು. "ಇಸಕಲೋ ರಾಸಿಂದಿ ಪೇರೆಂಟ್ಸ್‌ಕಿ ಎಲಾ ಚೂಪಿಸ್ತಾರು ಮೇಡಂ?" ಎಂದು ತೆಲುಗಿನಲ್ಲಿ ಕೇಳಿದರು. ಮರಳಿನಲ್ಲಿ ಬರೆದದ್ದನ್ನು ಹೆತ್ತವರಿಗೆ ತೋರಿಸುವುದಾದರೂ ಹೇಗೆ? ಸಂಕ್ರಾಂತಿ ರಜೆಗೆ ಮುಂಚೆ ನಮ್ಮಲ್ಲಿ ಓಪನ್ ಡೇ ಇರುತ್ತಿತ್ತು. ಅವತ್ತು ಎಲ್ಲ ಮಕ್ಕಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದೆವು. ಒಂದು ಪುಟವೂ ಖಾಲಿ ಇರಬಾರದು, ಒಂದು ಅಕ್ಷರವೂ ಗೆರೆ ದಾಟಬಾರದು. ಹೊಸ ಅಡ್ಮಿಶನ್‌ಗಳೆಲ್ಲ ಆ ಮೇಜಿನ ಮೇಲೆ ನಿಂತಿದ್ದವು. ನಾನು ಮರಳಿನ ತಟ್ಟೆಗಳನ್ನು ಕಪಾಟಿನ ಮೇಲೆ ಎತ್ತಿಟ್ಟೆ.

ಅಂದಿನಿಂದ ಚುಕ್ಕಿಗಳು ಶುರುವಾದವು. ಟೀಚರ್ ಅಕ್ಷರವನ್ನು ಚುಕ್ಕಿಗಳಲ್ಲಿ ಬರೆದುಕೊಡುವುದು, ಮಗು ಅವನ್ನು ಸೇರಿಸುವುದು. ಇದಕ್ಕೆ ಟ್ರೇಸಿಂಗ್ ಎಂದು ಹೆಸರು. ಸೇರಿಸಲೂ ಬಾರದ ಮಗುವಿನ ಹಿಂದೆ ನಿಂತು, ಅದರ ಮುಷ್ಟಿಯನ್ನು ನಮ್ಮ ಮುಷ್ಟಿಯಲ್ಲಿ ಹಿಡಿದು ನಾವೇ ಬರೆಯುವುದು. ಇದಕ್ಕೆ ಹೆಸರಿಲ್ಲ, ಆದರೆ ಎಲ್ಲರೂ ಮಾಡುತ್ತಿದ್ದೆವು.

ನನ್ನ ತರಗತಿಯಲ್ಲಿ ಬೆರಳಿಗೆ ಬಲವೇ ಬರದಿದ್ದ ಮಗು ಅಂಬಿಕಾ. ಪೆನ್ಸಿಲ್ ಹಿಡಿದರೆ ಎರಡು ನಿಮಿಷಕ್ಕೆ ಜಾರುತ್ತಿತ್ತು. ಅವಳ ತಾಯಿ ಸುವರ್ಣಾ, ಹುಮನಾಬಾದ್ ಕಡೆಯವಳು, ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. ಗಂಡನಿಗೂ ಅಲ್ಲೇ ಬೇರೆ ಶಿಫ್ಟ್. ನಾನು ಕಲಬುರಗಿಯವಳೆಂದು ತಿಳಿದ ದಿನದಿಂದ ಅವಳು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಅಂಬಿಕಾಳಿಗೆ ಮರಳಿನಲ್ಲಿ ಇನ್ನು ಮೂರು ತಿಂಗಳು ಕೊಟ್ಟಿದ್ದರೆ ಸಾಕಿತ್ತು. ನಾನು ಅವಳ ಕೈಹಿಡಿದು ಬರೆಸಿದೆ. ಆಗಸ್ಟ್‌ನಿಂದ ಜನವರಿವರೆಗೆ, ದಿನಕ್ಕೊಂದು ಪುಟ.

ಓಪನ್ ಡೇ ದಿನ ಎಲ್ಲಕ್ಕಿಂತ ಅಚ್ಚುಕಟ್ಟಾಗಿದ್ದ ನೋಟ್‌ಬುಕ್ ಅವಳದೇ. ಅದಿರಲೇಬೇಕಲ್ಲ, ಅದು ನನ್ನ ಕೈಬರಹ! ಪ್ರಿನ್ಸಿಪಾಲ್ ಅದನ್ನು ಮೇಜಿನ ನಡುವೆ ಇಡಿಸಿದರು. ಸುವರ್ಣಾ ಪುಟಗಳನ್ನು ಒಂದೊಂದಾಗಿ ತಿರುವಿದಳು.

"ಟೀಚರ್ರಿ, ನನ್ನ ಮಗಳು ಇಷ್ಟು ಚಂದ ಬರಿತಾಳ್ರಿ?"

"ಬರಿತಾಳ" ಎಂದೆ.

"ಮನಿಯಾಗ ಬರಿ ಅಂದ್ರ ಒಂದು ಗೆರಿ ಹಾಕಂಗಿಲ್ಲರಿ. ಟೀಚರ್ ಬೇಕು ಅಂತಾಳ" ಎಂದು ಅವಳು ನಕ್ಕಳು. ನಾನೂ ನಕ್ಕೆ. ಆ ಮಾತು ಅವತ್ತೇ ನನ್ನ ಎದೆಗೆ ನಾಟಬೇಕಿತ್ತು. ಹೊಗಳಿಕೆಯ ಗುಂಗಿನಲ್ಲಿದ್ದೆ, ನಾಟಲಿಲ್ಲ.

ಮಾರ್ಚ್‌ನಲ್ಲಿ ಸುವರ್ಣಾ ಮನೆಯ ಹತ್ತಿರದ ದೊಡ್ಡ ಶಾಲೆಗೆ ಅರ್ಜಿ ಹಾಕಿದಳು. ಅಲ್ಲಿ ಸಂಜೆ ಆರರವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅವಳ ಮಟ್ಟಿಗೆ ಅಂಥದ್ದು ಅದೊಂದೇ. ಅಲ್ಲಿ ಸೀಟು ಸಿಗದಿದ್ದರೆ ಅಂಬಿಕಾಳನ್ನು ಹುಮನಾಬಾದಿಗೆ ಅಜ್ಜಿಯ ಹತ್ತಿರ ಬಿಡಬೇಕಾಗಿತ್ತು. ಇಬ್ಬರ ಶಿಫ್ಟಿನ ನಡುವೆ ಮಗುವನ್ನು ನೋಡುವವರು ಇರಲಿಲ್ಲ. "ನೀವೂ ಬರ್ರಿ, ಬಾಜು ನೀವಿದ್ರ ನನಗ ಧೈರ್ಯ" ಎಂದಳು. ಹೆಮ್ಮೆಯಿಂದಲೇ ಹೋದೆ.

ಆ ಶಾಲೆಯವರು ಅದನ್ನು ಪರೀಕ್ಷೆ ಅನ್ನುತ್ತಿರಲಿಲ್ಲ, ಇಂಟರ್ಯಾಕ್ಷನ್ ಅನ್ನುತ್ತಿದ್ದರು. ಅಲ್ಲಿನ ಮೇಡಂ ಅಂಬಿಕಾಳ ಮುಂದೆ ಒಂದು ಬಿಳಿ ಹಾಳೆ ಇಟ್ಟು, ಎ ಬಿ ಸಿ ಬರಿ ಎಂದರು. ಅವಳು ಪೆನ್ಸಿಲ್ ಎತ್ತಿಕೊಂಡಳು, ತುದಿಯನ್ನು ಹಾಳೆಗೆ ತಾಗಿಸಿದಳು, ಸುಮ್ಮನೆ ಕೂತಳು. ಮುಖದಲ್ಲಿ ಹೆದರಿಕೆಯೇನೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಹಿಂದೆ ಕೂತಿದ್ದ ನನ್ನ ಕಡೆ ತಿರುಗಿದಳು.

"ಟೀಚರ್, ಕೈ ಹಿಡಿರಿ. ಬರಿಯೂಣು."

ಆ ಮೇಡಂಗೆ ಕನ್ನಡ ಬಾರದು. ಅವರು ಸುವರ್ಣಾ ಇಟ್ಟಿದ್ದ ನೋಟ್‌ಬುಕ್ಕನ್ನು ತಿರುವಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಂಗ್ಲಿಷಿನಲ್ಲಿ ನೇರವಾಗಿಯೇ ಕೇಳಿದರು: ಈ ಮಗು ತಾನಾಗಿ ಬರೆಯುತ್ತಾಳೋ ಇಲ್ಲವೋ? ಇನ್ನೂ ಕಲಿಸಿಲ್ಲ ಎಂದಾದರೆ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಕರೆಯುತ್ತೇವೆ. ವರ್ಷವಿಡೀ ಕಲಿಸಿಯೂ ಹೀಗಿದ್ದರೆ ತೆಗೆದುಕೊಳ್ಳುವುದು ಕಷ್ಟ.

ಅಂಬಿಕಾಳಿಗೆ ಆ ಶಾಲೆಯ ಬಾಗಿಲು ಇನ್ನೂ ತೆರೆದೇ ಇತ್ತು. "ನಾನೇ ಕೈಹಿಡಿದು ಬರೆಸಿದ್ದೇನೆ" ಎಂದು ಒಂದು ಮಾತು ಹೇಳಬೇಕಿತ್ತು. ಹೇಳಿದ್ದರೆ ನನ್ನ ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತಿತ್ತು ಎಂದುಕೊಂಡೆ. "ತರಗತಿಯಲ್ಲಿ ಚೆನ್ನಾಗಿ ಬರೆಯುತ್ತಾಳೆ, ಇವತ್ತು ಹೆದರಿದ್ದಾಳೆ" ಎಂದೆ. ಅವರು ತಲೆಯಾಡಿಸಿ ನೋಟ್‌ಬುಕ್ ಮುಚ್ಚಿದರು.

ಗೇಟಿನ ಹೊರಗೆ ಬಂದದ್ದೇ ಸುವರ್ಣಾ ಮಗಳ ಬೆನ್ನಿಗೆ ಹೊಡೆದಳು. ಒಂದಲ್ಲ, ಮೂರು ಏಟು. "ಶಾಲಿಯಾಗ ಮುತ್ತಿನಂಗ ಬರಿತಿ, ಇಲ್ಲಿ ಏನಾತು ನಿನಗ? ಬೇಕಂತನ ಮಾಡಿದಿ ಹೌದಿಲ್ಲೋ?" ಅಂಬಿಕಾ ಅಳುತ್ತಾ ನನ್ನ ಸೀರೆ ಹಿಡಿದುಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ. "ಬಿಡವ್ವಾ, ಸಣ್ಣ ಹುಡುಗಿ" ಎಂದು ದೊಡ್ಡವಳ ಹಾಗೆ ಸಮಾಧಾನ ಹೇಳಿದೆ. ಆ ಮಾತು ನೆನಪಾದಾಗ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ ಹುಟ್ಟುತ್ತದೆ.

ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಹತ್ತು ದಿನ ತಡೆದುಕೊಂಡೆ, ಅಷ್ಟರಲ್ಲಿ ಅಲ್ಲಿನ ಸೀಟುಗಳೆಲ್ಲ ತುಂಬಿಹೋಗಿದ್ದವು. ಒಂದು ಭಾನುವಾರ ಅವರ ಮನೆಗೆ ಹೋದೆ. ಸುವರ್ಣಾ ಮಗಳ ಫ್ರಾಕುಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಮರುದಿನ ಹುಮನಾಬಾದಿಗೆ ಹೊರಟಿದ್ದರು. ಎಲ್ಲ ಹೇಳಿದೆ: ಚುಕ್ಕಿ, ಕೈಹಿಡಿದು ಬರೆಸಿದ್ದು, ಆ ಮೇಡಂ ಕೇಳಿದ್ದು, ನಾನು ಸುಳ್ಳು ಹೇಳಿದ್ದು. ಅವಳು ಬೈಯಬಹುದು, ಹೊರಗೆ ಹಾಕಬಹುದು ಎಂದುಕೊಂಡಿದ್ದೆ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ.

"ಗೇಟಿನ ಮುಂದರೆ ಹೇಳಬೇಕಿತ್ತಲ್ರಿ" ಎಂದಳು ಕೊನೆಗೆ. "ನಾ ಆಕಿಗೆ ಹೊಡಿತಿದ್ದಿಲ್ಲ."

ಆಮೇಲೆ ನಾನು ನಿವೃತ್ತಿಯಾಗುವವರೆಗೆ ಯಾವ ಮಗುವಿನ ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ. ಸೊಟ್ಟ ಅಕ್ಷರವನ್ನು ಸೊಟ್ಟಗೇ ಬಿಟ್ಟೆ, ಖಾಲಿ ಪುಟವನ್ನು ಖಾಲಿಯೇ ಇಟ್ಟು ಹೆತ್ತವರಿಗೆ ತೋರಿಸಿದೆ. ಮುಂದಿನ ವರ್ಷವೇ ಪ್ರಿನ್ಸಿಪಾಲ್ ನನ್ನನ್ನು ಯುಕೆಜಿಯಿಂದ ನರ್ಸರಿಗೆ ಹಾಕಿದರು, ಮೇಜಿನ ಮೇಲೆ ಇಡುವಂಥದ್ದು ನನ್ನ ತರಗತಿಯಿಂದ ಬರುವುದಿಲ್ಲ ಎಂದು. ಟೀಚರ್ ಕೆಲಸ ನನಗೆ ಕಲಿಸಿದ್ದು ಇಷ್ಟು: ಮಗುವಿನ ಹೆಸರಿನಲ್ಲಿ ನಾವು ಹೊಗಳಿಸಿಕೊಂಡರೆ, ಏಟು ಬೀಳುವುದು ಮಗುವಿನ ಬೆನ್ನಿಗೆ.

ಅಂಬಿಕಾ ಹುಮನಾಬಾದಿನ ಸರ್ಕಾರಿ ಶಾಲೆಯಲ್ಲಿ ಬರೆಯಲು ಕಲಿತಳಂತೆ. ಅಲ್ಲಿ ಅವಳಿಗೆ ಕಲಿಸಿದವರು ಯಾರೋ, ನನಗೆ ಗೊತ್ತಿಲ್ಲ. ನಾನಂತೂ ಅಲ್ಲ.