ಬಾಯಿ ತೆರೆ, ಹೆದರಬೇಡ

ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ, ನಿವೃತ್ತಳಾಗಿ ಮಂಡ್ಯದಲ್ಲಿ ಮನೆ ಮಾಡಿಕೊಂಡ ಮೇಲೆ ಇನ್ನು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ ಎಂದುಕೊಂಡಿದ್ದೆ. ನಮ್ಮ ಚರ್ಚಿನ ಪಾದ್ರಿಗಳು ಬಿಡಲಿಲ್ಲ. ಅವರನ್ನು ನಾವು ಅಯ್ಯನವರು ಎಂದು ಕರೆಯುವುದು. ಇಂಗ್ಲೆಂಡಿನಿಂದ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಂದಿದ್ದಾರೆ, ಅವರ ತಾತ ಈ ಕಡೆ ಮಿಷನರಿಯಾಗಿದ್ದವರು, ತಾತ ಸುವಾರ್ತೆ ಸಾರಿದ ಹಳ್ಳಿಯನ್ನು ಅವರು ನೋಡಬೇಕಂತೆ ಎಂದರು.

"ನಿಮ್ಮ ತಾತನೂ ಆ ದೊರೆ ಜೊತೇಲೇ ಓಡಾಡಿದವರಲ್ವಾ ಟೀಚರ್, ನೀವೇ ಕರ್ಕೊಂಡು ಹೋಗಿಬನ್ನಿ," ಎಂದು ನನ್ನ ದುರ್ಬಲ ಜಾಗಕ್ಕೇ ಕೈಹಾಕಿದರು.

ನನ್ನ ತಾತ ಉಪದೇಶಿಯಾಗಿದ್ದರು. ದೊರೆಯ ಗಾಡಿಯಲ್ಲಿ ಕೂತು ಹಳ್ಳಿಹಳ್ಳಿಗೆ ಹೋಗಿ, ಆತನ ಪ್ರಸಂಗವನ್ನು ಜನರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳುವ ಕೆಲಸ. ಬೆಸಗರಹಳ್ಳಿಯ ಆಚೆ ಒಂದು ಹಳ್ಳಿಯಲ್ಲಿ ಇಡೀ ಊರು ಮೂರು ಗಂಟೆ ಕಾಲ ಕೂತ ಜಾಗ ಬಿಟ್ಟು ಏಳದೆ ಇವರಿಬ್ಬರ ಮಾತು ಕೇಳಿತಂತೆ. ನಮ್ಮಪ್ಪ ಪ್ರತಿ ಕ್ರಿಸ್‌ಮಸ್ಸಿಗೂ ಈ ಕಥೆ ಹೇಳುತ್ತಿದ್ದರು. ನಾನೂ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿ, "ನೀವು ಹತ್ತು ನಿಮಿಷ ನೆಟ್ಟಗೆ ಕೂರಲ್ಲ" ಎಂದು ಗದರಿಸಿದ್ದೆ.

ಬಂದ ಹೆಂಗಸು ಎತ್ತರದವರು, ತೆಳ್ಳಗೆ, ದೊಡ್ಡ ಟೋಪಿ. ಅವರ ಬಳಿ ಇದ್ದ ತಾತನ ಕಾಗದದಲ್ಲೂ ಅದೇ ಮೂರು ಗಂಟೆಯ ವಿಷಯವಿತ್ತು. ದೇವರ ವಾಕ್ಯಕ್ಕಾಗಿ ಇಂಥ ಬಾಯಾರಿಕೆಯನ್ನು ಎಲ್ಲೂ ಕಂಡಿಲ್ಲ ಎಂದು ದೊರೆ ಬರೆದಿದ್ದ. ಜೊತೆಗೆ ಆತನ ಹಳೆಯ ನೋಟುಪುಸ್ತಕ. ಅದರಲ್ಲಿ ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ, ಅರ್ಥ ಬರೆದಿರಲಿಲ್ಲ. ಆಕೆ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನನ್ನನ್ನು ಕಂಡ ಕೂಡಲೆ ಕೈಮುಗಿದು, "ಬಾಯಿ ತೆರೆ. ಹೆದರಬೇಡ. ಇನ್ನು ಸ್ವಲ್ಪ ಹೊತ್ತು. ಆಯಿತು, ಉಗುಳು," ಎಂದರು.

ಕನ್ನಡ ಟೀಚರ್ ಅಲ್ಲವೇ, ಅಲ್ಲೇ ಅರ್ಥ ಬಿಡಿಸಿದೆ. ಬಾಯಿ ತೆರೆ ಎಂದರೆ ದೇವರನ್ನು ಸ್ತುತಿಸು. ಹೆದರಬೇಡ ಎನ್ನುವುದು ಅಭಯ. ಇನ್ನು ಸ್ವಲ್ಪ ಹೊತ್ತು ಎಂದರೆ ಈ ಲೋಕದ ಕಷ್ಟ ಕ್ಷಣಿಕ. ಉಗುಳು ಎಂದರೆ ಪಾಪವನ್ನು ಹೊರಗೆ ಹಾಕು. ಆಕೆಯ ಕಣ್ಣು ತುಂಬಿಬಂತು.

ಬಾಡಿಗೆ ಕಾರು ಮದ್ದೂರಿನ ಒಬ್ಬ ಸಾಬರದು. ಅವರು ಹಗಲು ಗ್ಯಾರೇಜು ನೋಡಿಕೊಂಡು, ಬಾಡಿಗೆ ಬಂದರೆ ಗಾಡಿ ಓಡಿಸುವವರು. ಆಕೆ ಮುಂದಿನ ಸೀಟಿನಲ್ಲಿ ಕೂತು ಅವರಿಗೂ ಕೈಮುಗಿದು, "ಬಾಯಿ ತೆರೆ," ಎಂದರು.

ಸಾಬರು ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದರು. "ಯಾಕ್ ಮೇಡಂ, ಗುಟ್ಕಾ ಆಕಿದ್ದೀನಾ ಅಂತ ಚೆಕ್ ಮಾಡ್ತಾವ್ರಾ?"

"ಇಲ್ಲಪ್ಪ, ಅದು ಆಶೀರ್ವಾದ."

"ಆಕಿದ್ದೀನಿ ಮೇಡಂ, ಸುಳ್ಳ್ಯಾಕೆ," ಎಂದು ಬಾಗಿಲು ತೆಗೆದು ಉಗಿದು ಬಂದರು. ಉಗುಳು ಎಂಬ ನಾಲ್ಕನೆಯ ಮಾತು ಹೇಳುವುದಕ್ಕೆ ಮೊದಲೇ ಪಾಲಿಸಿದರೆಂದು ಆಕೆಗೆ ಆಶ್ಚರ್ಯವಾಯಿತು.

ಬೆಸಗರಹಳ್ಳಿ ದಾಟಿ, ಕಬ್ಬಿನ ಗದ್ದೆಗಳ ನಡುವೆ ನಾಲೆಯ ಏರಿ ಹಿಡಿದು ಆ ಹಳ್ಳಿ ಮುಟ್ಟಿದೆವು. ಅರಳಿಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರಿಗೆ ಯಾವ ದೊರೆಯ ವಿಷಯವೂ ಗೊತ್ತಿರಲಿಲ್ಲ. ಒಬ್ಬ ಎಲೆ ಕೆಳಗಿಡದೆಯೇ, "ಕೇರೀಲಿ ಒಂದ್ ಮುದ್ಕಮ್ಮ ಅದೆ, ಕೇಳಿ. ಅದುಕ್ ಗೊತ್ತಿಲ್ದಿದ್ರೆ ಯಾರ್ಗೂ ಗೊತ್ತಿರಕಿಲ್ಲ," ಎಂದ.

ಆ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಂಬತ್ತೈದಾದರೂ ಆಗಿದ್ದೀತು. ನಾನು ಬಂದ ವಿಷಯ ಹೇಳುವ ಮೊದಲೇ ನಮ್ಮ ಅತಿಥಿ ಮುಂದೆ ಹೋಗಿ ಕೈಮುಗಿದು, ನಾಲ್ಕೂ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದರು.

ಅಜ್ಜಿ ಅಷ್ಟಗಲ ಬಾಯಿ ತೆರೆದರು. ಒಳಗೆ ಎರಡೇ ಹಲ್ಲು.

"ನೋಡ್ಕವ್ವ. ಇರಾದೇ ಎಲ್ಡು. ಅವ್ನೂ ಕೀಳಕ್ ಬಂದ್ಯಾ?" ಎಂದವರು ನನ್ನ ಕಡೆ ತಿರುಗಿ, "ಇವ್ರು ಅಲ್ದೊರೆ ಪೈಕೀನಾ ಮಗಾ?" ಎಂದು ಕೇಳಿದರು.

ಅಲ್ದೊರೆ ಎಂದರೆ ಹಲ್ಲುದೊರೆ ಎಂದು ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು.

"ನಮ್ಮತ್ತೆ ಯೋಳೋರು ಕಣವ್ವ," ಅಜ್ಜಿ ಮೊರ ಪಕ್ಕಕ್ಕೆ ಸರಿಸಿದರು. "ಅವ್ರು ಸಣ್ ಮಗೀಲಿ ಅವ್ನ್ ಕೈಲೇ ಅಲ್ಲು ಕೀಳಿಸ್ಕಂಡಿದ್ರಂತೆ. ಬಾಯಿ ತೆರೆ, ಎದರಬ್ಯಾಡ ಅಂತ ಇಂಗೇ ಅಂತಿದ್ನಂತೆ. ಅತ್ತೆ ಅದ್ನೇ ಅಣಕ್ಸಿ ನಮ್ ಮಕ್ಳುನ್ನ ನಗಿಸೋರು. ಅವ್ನು ಬಂದು ಕಟ್ಟೆ ಮ್ಯಾಲೆ ಕುರ್ಚಿ ಆಕ್ಕಂಡು ಮೊದ್ಲು ಮಾತಾಡೋನಂತೆ. ಮಾತು ಮುಗ್ಯೋಗಂಟ ಇಕ್ಕಳ ಈಚೆಗೇ ತಗೀತಿರ್ನಿಲ್ವಂತೆ. ಅಲ್ಲುನೋವು ಇದ್ದೋರು ಎಲ್ಲಿಗ್ ಎದ್ದೋದಾರು? ದವಡೆ ಇಡ್ಕಂಡು ಸುಮ್ನೆ ಕುಂತಿರೋರು."

"ಮೂರು ಗಂಟೆ ಹೊತ್ತಾ ಅಜ್ಜಿ?"

"ಅಲ್ಲು ಬೋ ಜನುಕ್ ನೋಯ್ತಿದ್ವು ಕಣವ್ವ."

ನಾನು ಮೆಲ್ಲಗೆ ಕೇಳಿದೆ. "ದೊರೆ ಜೊತೆ ನಮ್ಮವರೊಬ್ಬರು ಇದ್ರಂತಲ್ಲ, ಉಪದೇಶ ಮಾಡೋರು?"

"ಉಪದೇಸನೋ ಏನೋ ಕಾಣೆ. ಒಬ್ಬ ದಡಿಯ ಇದ್ನಂತೆ. ಇಂದ್ಗಡೆ ನಿಂತ್ಕಂಡು ತಲೆ ಅದುಮಿ ಇಡ್ಕಳಾದೇ ಅವುನ್ ಕೆಲ್ಸ. ದೊರೆಗಿಂತ ಅವುನ್ ಕಂಡ್ರೇ ಮಕ್ಳು ಉಚ್ಚೆ ಉಯ್ಕಳೋವಂತೆ."

"ಆತ ಏನೂ ಮಾತಾಡ್ತಿರಲಿಲ್ವಾ?"

"ಅಲ್ಲಾಡ್ಬ್ಯಾಡ ಅಂತಿದ್ನಂತೆ."

ಅತಿಥಿ ನನ್ನ ಮುಖವನ್ನೇ ನೋಡುತ್ತಿದ್ದರು. ನಿಮ್ಮ ತಾತ ಈ ಜನರ ನೋವನ್ನು ಕಳೆದರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅದು ಸುಳ್ಳೇನಲ್ಲ. ಆದರೆ ಅಜ್ಜಿಗೆ ನನ್ನ ಅನುವಾದದ ಮೇಲೆ ನಂಬಿಕೆ ಇದ್ದಂತೆ ಕಾಣಲಿಲ್ಲ. ಎದ್ದು ಬಂದು, ಕಾರಿಗೆ ಒರಗಿ ನಿಂತಿದ್ದ ಸಾಬರನ್ನು ಜಗಲಿಯ ಮೇಲೆ ಕೂರಿಸಿ, ಅವರ ತಲೆಯನ್ನು ನನ್ನ ಎರಡು ಕೈಗೆ ಒಪ್ಪಿಸಿ, ತಮ್ಮ ಎರಡು ಬೆರಳನ್ನು ಇಕ್ಕಳ ಮಾಡಿಕೊಂಡು ಅವರ ಬಾಯೊಳಗಿಂದ ಗಾಳಿಯನ್ನು ಕಿತ್ತು ತೋರಿಸಿದರು. ಸಾಬರು ನೋವಾದವರಂತೆ ನರಳಿ ಸಹಕರಿಸಿದರು.

ಅತಿಥಿ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದರು. ಟೋಪಿ ಬಿದ್ದುಹೋಯಿತು. ನಾನು ಮಾತ್ರ ನಗಲಾರದೆ ಸಾಬರ ತಲೆ ಹಿಡಿದುಕೊಂಡೇ ನಿಂತಿದ್ದೆ. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಹಲ್ಲುನೋವಿನ ಕಥೆ ಎಂಬುದನ್ನು ಒಳಕ್ಕೆ ಬಿಟ್ಟುಕೊಳ್ಳಲು ಹೊತ್ತು ಹಿಡಿಯಿತು.

ಅಜ್ಜಿಗೆ ಉಮೇದು ಬಂದಿತ್ತು. "ಪಟೇಲನ್ ಕತೆ ಯೋಳ್ನಿಲ್ಲ ನಾನು," ಎಂದು ಮತ್ತೆ ಕೂತರು. ಅತ್ತೆಯ ಸರದಿ ಆದಮೇಲೆ ಪಟೇಲ ಬಂದನಂತೆ. ಕೇರಿಯ ಹುಡುಗಿಯ ಬಾಯಿಗೆ ಹಾಕಿದ ಇಕ್ಕಳ ತನ್ನ ಬಾಯಿಗೆ ಬೇಡ, ಬೇರೆ ತೆಗಿ ಅಂದನಂತೆ. ಇರುವುದೊಂದೇ ಇಕ್ಕಳ, ಬಿಸಿನೀರಿಗೆ ಹಾಕಿದ್ದೇನೆ ಅಂದನಂತೆ ದೊರೆ. ಪಟೇಲ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಗತ್ತಿನಿಂದ ಮನೆಗೆ ಹೋದ.

"ಬಿಸ್ಲು ಇಳಿಯಾ ಒತ್ಗೆ ವಾಪಸ್ ಬಂದ. ಮಕ ಇಷ್ಟ್ ದಪ್ಪ," ಅಜ್ಜಿ ಕೆನ್ನೆಯ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರ ತೋರಿಸಿದರು. "ಅದೇ ಕುರ್ಚಿ, ಅದೇ ಇಕ್ಕಳ."

ಮೊರದಿಂದ ಒಂದು ಅವರೆಕಾಳು ಎತ್ತಿ ಬೆರಳಲ್ಲಿ ಹೊರಳಿಸಿದರು. "ನಮ್ಮೋರ್ ನೆಳ್ಳು ಬಿದ್ರೂ ಮಡಿ ಕೆಡ್ತದೆ ಅಂತಿದ್ದ ಕಾಲ. ಆ ದೊರೆ ನಮ್ಮೋರ್ ಬಾಯೊಳೀಕೆ ಕೈಯಿಕ್ದ. ಅತ್ತೆ ಅದ್ನ ಯೋಳಾಗ ಮಾತ್ರ ನಗ್ತಿರ್ನಿಲ್ಲ."

ಇದನ್ನು ಒಂದಕ್ಷರ ಬಿಡದೆ ಅನುವಾದಿಸಿದೆ. ಆಕೆ ಅಜ್ಜಿಯ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡರು.

"ಊರಿನೋರು ಯಾರಾದ್ರೂ ಆ ಧರ್ಮಕ್ಕೆ ಸೇರಿದ್ರಾ ಅಜ್ಜಿ?" ಎಂದು ಕೇಳಿದೆ.

"ಯಾರೂ ಇಲ್ಲ. ಅಲ್ಲು ಓಯ್ತು, ಮನೇಗ್ ಬಂದ್ರು."

ಆ ಭಾನುವಾರ ಅಯ್ಯನವರು ಅತಿಥಿಗೆ ಚರ್ಚಿನಲ್ಲಿ ಎರಡು ಮಾತು ಹೇಳಲು ಕೇಳಿಕೊಂಡರು. ಆಕೆ ನಡೆದದ್ದನ್ನು ನಡೆದಂತೆಯೇ ಹೇಳಿದರು. ಪಕ್ಕದಲ್ಲಿ ನಿಂತು ನಾನು ಅದನ್ನು ಕನ್ನಡದಲ್ಲಿ ಹೇಳಿದೆ, ತಲೆ ಹಿಡಿಯುತ್ತಿದ್ದ ದಡಿಯ ನನ್ನ ತಾತ ಎಂಬುದನ್ನೂ ಸೇರಿಸಿ. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಮುಂದಿನ ಬೆಂಚಿನಿಂದ ಸಭೆಯ ಹಿರಿಯರೊಬ್ಬರು ಎದ್ದರು. ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂದುಕೊಂಡೆ.

"ಹೇಳ್ಬೇಕು ಅಂದ್ರೆ, ನಮ್ಮ ತಾತ ಸಭೆಗೆ ಬಂದಿದ್ದು ಕಾಲಿನ ಹುಣ್ಣಿಗೆ," ಎಂದರು. "ದೊರೆಸಾನಿ ಮುಲಾಮು ಹಚ್ಚೋರಂತೆ. ಹುಣ್ಣು ವಾಸಿಯಾಗೋದು ತಡ ಆಯ್ತು, ಅಷ್ಟೊತ್ತಿಗೆ ಹಾಡೆಲ್ಲಾ ಬಾಯಿಗೆ ಬಂದುಬಿಟ್ಟಿತ್ತು."

ಹೆಂಗಸರ ಕಡೆಯಿಂದ ಒಬ್ಬರು ತಮ್ಮ ಮುತ್ತಜ್ಜಿ ರವಿಕೆ ಹೊಲಿಯುವುದು ಕಲಿಯಲು ಬಂದವರು ಎಂದರು. ಇನ್ನೊಬ್ಬರ ಅಜ್ಜ ಮಗ್ಗಿ ಕಲಿಯಲು ಬಂದಿದ್ದು, ಊರಿನ ಶಾಲೆಯಲ್ಲಿ ಅವರನ್ನು ಹೊರಗೆ ಕೂರಿಸುತ್ತಿದ್ದರಂತೆ. ಗಾಯನ ಮಂಡಳಿಯ ಹೆಂಗಸೊಬ್ಬರು, "ನಮ್ಮ ತಾತ ಮಿಷನ್ ಬಂಗಲೆ ಎಮ್ಮೆ ಕರೆಯೋಕೆ ಅಂತ ಸೇರಿದ್ದು. ಎಮ್ಮೆ ಸತ್ತೋಯ್ತು, ಇವ್ರು ಉಳ್ಕೊಂಡ್ರು," ಎಂದಾಗ ಎಲ್ಲರೂ ನಕ್ಕರು.

ಕೊನೆಗೆ ಕಣ್ಣುಗಳೆಲ್ಲಾ ಅಯ್ಯನವರ ಕಡೆ ತಿರುಗಿದವು.

"ನಮ್ಮ ತಾತ ಯಾತಕ್ಕೆ ಬಂದ್ರೋ ನನಗೆ ಗೊತ್ತಿಲ್ಲ," ಎಂದರು ಅವರು. "ಮನೆಗೆ ಹೋಗಿ ನಮ್ಮಮ್ಮನ್ನ ಕೇಳ್ಬೇಕು." ಹಾಗೆಂದು ಎರಡೂ ಕೈ ಎತ್ತಿ ಆಶೀರ್ವಾದ ಹೇಳಿ, ಎಂದಿಗಿಂತ ಅರ್ಧ ಗಂಟೆ ಮುಂಚೆಯೇ ಆರಾಧನೆ ಮುಗಿಸಿದರು.