ಬಿಚ್ಚದೆ ವಾಪಸ್ಸು ಬಂದ ಉಣ್ಣೆಗಂಟು

ದೂರದ ದಾರಿಗೆ ಬಟ್ಟೆ ಕಟ್ಟುವುದರಲ್ಲಿ ನಮ್ಮ ದೊಡ್ಡಮ್ಮನನ್ನು ಮೀರಿಸುವವರು ಬೀದಿಯಲ್ಲಿ ಯಾರೂ ಇರಲಿಲ್ಲ. ನಮ್ಮವಳು ಎಂದು ಹೊಗಳುತ್ತಿಲ್ಲ, ಬೇಕಾದರೆ ಯಾವ ಲಾರಿ ಡ್ರೈವರಿನ ಮನೆಯಲ್ಲಾದರೂ ಕೇಳಿ ನೋಡಿ. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಗಂಟಿನಕ್ಕ ಎಂದು. ದೊಡ್ಡಪ್ಪ ಬಂದರಿನಿಂದ ಬೆಟ್ಟದಾಚೆಗೆ ಸರಕು ಒಯ್ಯುವ ಲಾರಿ ಓಡಿಸುತ್ತಿದ್ದ. ಮೊದಲು ಮೈ ಬೇಯಿಸುವ ಬಯಲು, ಆಮೇಲೆ ಮಳೆ ಬಿಡದ ಕಾಡು, ಕೊನೆಗೆ ಹಿಮ ಬೀಳುವ ಘಟ್ಟದ ದಾರಿ. ಒಂದೇ ಸಲ ಹೋಗಿ ಬರುವಷ್ಟರಲ್ಲಿ ಮನುಷ್ಯ ಮೂರು ಕಾಲ ಕಂಡುಬಿಡುತ್ತಿದ್ದ.

ದೊಡ್ಡಮ್ಮ ಹಳೆಯ ಹೊದಿಕೆಗಳನ್ನು ಹರಿದು, ಆ ತುಂಡುಗಳಲ್ಲಿ ಒಂದೊಂದು ಹವೆಯ ಬಟ್ಟೆಗೆ ಒಂದೊಂದು ಗಂಟು ಕಟ್ಟುತ್ತಿದ್ದಳು. ಕೊನೆಗೆ ಬೇಕಾಗುವ ಉಣ್ಣೆಯದು ಬ್ಯಾಗಿನ ತಳಕ್ಕೆ, ಅದರ ಮೇಲೆ ಮಳೆಯದು, ಎಲ್ಲಕ್ಕಿಂತ ಮೇಲೆ ತೆಳು ಅಂಗಿ, ಬನಿಯನ್.

"ಕತ್ತಲಲ್ಲಿ ಕೈ ಹಾಕಿದ್ರೂ ಬೇಕಾದ್ದೇ ಸಿಗ್ಬೇಕು ಕಣೇ. ಘಟ್ಟದ ಮೇಲೆ ನಿಂತು ಹುಡುಕ್ತಾ ಕೂತ್ರೆ ಬೆರಳು ಮರಗಟ್ಟಿ ಹೋಗುತ್ತೆ," ಎನ್ನುತ್ತಿದ್ದಳು.

ಅವಳು ಹಾಕುತ್ತಿದ್ದ ಗಂಟು ಬೇರೆ ಥರ. ತುದಿಯನ್ನು ಎರಡು ಸುತ್ತು ಸುತ್ತಿ ಒಳಗೆ ಸಿಕ್ಕಿಸುತ್ತಿದ್ದಳು, ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ದೊಡ್ಡಪ್ಪನಿಗೆ ಅದು ಜನ್ಮದಲ್ಲಿ ಬರಲಿಲ್ಲ. ಅವನು ಬಿಚ್ಚಿ ಮತ್ತೆ ಕಟ್ಟಿದರೆ ಟಾರ್ಪಾಲಿನ ಹಗ್ಗಕ್ಕೆ ಹಾಕುವ ಲಾರಿಗಂಟೇ ಬೀಳುತ್ತಿತ್ತು. ಅದನ್ನು ಬಿಡಿಸಲು ನಾನೂ ದೊಡ್ಡಮ್ಮನೂ ಬಚ್ಚಲಲ್ಲಿ ಕೂತು ಹಲ್ಲು ಹಚ್ಚಿ ಎಳೆಯುತ್ತಿದ್ದೆವು. ಪಕ್ಕದ ಮನೆಯವಳಾದ ನನಗೆ ಒಗೆಯುವ ದಿನ ಅಲ್ಲೇ ಊಟ.

ಹೋದ ಸಲ ದೊಡ್ಡಪ್ಪ ಬಂದಾಗ ಎಂದಿನಂತೆ ಬಾಗಿಲ ಮೆಟ್ಟಿಲ ಮೇಲೆ ಕೂತು ನಾಲ್ಕು ಜನರೆದುರು ಶುರು ಮಾಡಿದ. "ಅಬ್ಬಬ್ಬಾ, ಈ ಸಲ ಹಿಮ ಟೈರು ಮುಳುಗೋಷ್ಟಿತ್ತು ಕಣ್ರಯ್ಯಾ! ಉಸಿರು ಬಿಟ್ರೆ ಮೀಸೆ ಮೇಲೆ ಹೆಪ್ಪುಗಟ್ಟೋದು!" ಒಳಗೆ ದೊಡ್ಡಮ್ಮ ಬ್ಯಾಗು ಖಾಲಿ ಮಾಡುತ್ತಿದ್ದವಳು ತಳಕ್ಕೆ ಬಂದಾಗ ನಿಂತುಬಿಟ್ಟಳು. ಉಣ್ಣೆಯ ಗಂಟು ಅವಳು ಕಟ್ಟಿದ ಹಾಗೇ ಇತ್ತು, ಅವಳದೇ ಗಂಟು. ಎಳೆದಳು. ಸ್ವೆಟರಿನ ಮಡಿಕೆಯಲ್ಲಿಟ್ಟ ನುಸಿಗುಳಿಗೆ ಕೂಡ ಅಲ್ಲಾಡಿರಲಿಲ್ಲ.

ಸುಳ್ಳು ಹೇಳುವುದಕ್ಕೂ ತಲೆ ಬೇಕು ನೋಡಿ. ನನಗೆ ಮೈಯೆಲ್ಲ ಉರಿದುಹೋಯಿತು. "ದೊಡ್ಡಮ್ಮ, ಇವ್ರು ಘಟ್ಟ ಹತ್ತೇ ಇಲ್ಲ. ಬೇರೆ ಎಲ್ಲಾದ್ರೂ ಇನ್ನೊಂದು ಮನೆ ಗಿನೆ ಮಾಡಿದ್ದಾರಾ ಹೇಗೆ?"

"ಆ ಮುಖಕ್ಕೆ ಒಂದು ಮನೆ ಸಿಕ್ಕಿದ್ದೇ ಹೆಚ್ಚು, ಸುಮ್ನಿರು," ಎಂದಳು. ಆಮೇಲೆ ದನಿ ಇಳಿಸಿದಳು. "ಮೈಗೇನೋ ಆಗಿದೆ ಕಣೇ. ಎದೆನೋವು ಗಿದೆನೋವು ಬಂದು ಯಾವ ಆಸ್ಪತ್ರೇಲಿ ಬಿದ್ದಿದ್ರೋ ಏನೋ. ನನ್ನ ಹತ್ರ ಮುಚ್ಚಿಡ್ತಾರೆ ಅಂದ್ರೆ ಅದು ಸಣ್ಣದಲ್ಲ." ಕೇಳಿಬಿಡು ಎಂದೆ. ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ರಜೆ ಮುಗಿಯುವವರೆಗೂ ಅವನು ಮೆಟ್ಟಿಲು ಹತ್ತುವಾಗ, ಉಣ್ಣುವಾಗ, ಕೆಮ್ಮುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ಮತ್ತೆ ಹೊರಡುವ ದಿನ ಮಧ್ಯಾಹ್ನ ಮಂಚದ ತುಂಬ ಬಟ್ಟೆ ಹರಡಿದ್ದಳು. ಮಳೆಯ ಗಂಟು ಕಟ್ಟಿ ಬ್ಯಾಗಿನ ತಳಕ್ಕಿಟ್ಟಳು, ಮೇಲೆ ತೆಳು ಬಟ್ಟೆಯ ಗಂಟು. ಜಿಪ್ಪು ಎಳೆದಳು. ಉಣ್ಣೆ ಬಟ್ಟೆ ಮಂಚದ ಮೇಲೇ ಉಳಿಯಿತು. ದೊಡ್ಡಪ್ಪ ಬ್ಯಾಗು ಎತ್ತಿದವನು ಹಾಗೇ ನಿಂತ.

"ಹಗುರ ಇದೆಯಲ್ಲೇ? ಸ್ವೆಟರು?"

"ಬೇಕೇನ್ರೀ?"

ದೊಡ್ಡಪ್ಪ ಬ್ಯಾಗು ಕೆಳಗಿಟ್ಟು ಮಂಚದ ಅಂಚಿಗೆ ಕುಸಿದು ಕೂತ. "ಮಂಡಿ ಹೋಯ್ತು ಕಣೇ. ಘಟ್ಟದಲ್ಲಿ ಕ್ಲಚ್ಚು ಒತ್ತಿ ಹಿಡಿಯಕ್ಕಾಗಲ್ಲ. ಹೋದ ವರ್ಷವೇ ಮಾಲೀಕರು ನನ್ನ ಲಾರಿಯಿಂದ ಇಳಿಸಿಬಿಟ್ರು. ಬಸ್ಸಲ್ಲಿ ಹೋಗ್ತೀನಿ, ಬಸ್ಸಲ್ಲಿ ಬರ್ತೀನಿ. ಕಾಡು ದಾಟಿದ ಮೇಲೆ ಬೆಟ್ಟದ ಬುಡದಲ್ಲಿ ಅವರ ಗೋಡೌನಿದೆ. ಅದನ್ನ ಕಾಯ್ತೀನಿ."

"ಒಂದು ವರ್ಷದಿಂದ? ಮತ್ತೆ ಸ್ವೆಟರು ಪ್ರತಿ ಸಲ ಕೊಳೆಯಾಗಿ ಬರ್ತಿತ್ತಲ್ಲ?"

"ಹಾಕ್ಕೊಂಡು ಕೂರ್ತಿದ್ದೆ. ಆ ತಗಡಿನ ಸೂರಿನ ಕೆಳಗೆ, ಬಾಗಿಲು ಮುಚ್ಕೊಂಡು. ಬೆವರು ಹತ್ಲಿ ಅಂತ." ತಲೆ ಬಗ್ಗಿಸಿದ. "ಈ ಸಲ ಸೆಕೆ ತಡೆಯಕ್ಕಾಗ್ಲಿಲ್ಲ."

ನಗು ಬಂತು ನನಗೆ. ದೊಡ್ಡಮ್ಮ ನಗಲಿಲ್ಲ.

"ಎದೆ ಚೆನ್ನಾಗಿದೆಯಾ?" ಎಂದಳು.

"ಎದೆಗೇನಾಗಿದೆ? ಮಂಡಿ ಅಂತ ಹೇಳ್ಲಿಲ್ವಾ? ಬೆಟ್ಟ ಹತ್ತೋ ಡ್ರೈವರ್ ಹೆಂಡ್ತಿ ಅಂತ ಬೀದೀಲಿ ನಿನಗೊಂದು ಮರ್ಯಾದೆ ಇತ್ತು. ಗೋಡೌನ್ ಕಾಯೋನ ಹೆಂಡ್ತಿ ಅನ್ನಿಸೋದು ಹೇಗೆ ಅಂತ..."

"ಮರ್ಯಾದೆಗಿಷ್ಟು ಬೆಂಕಿ ಹಾಕ!" ದೊಡ್ಡಮ್ಮ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೀವು ಹೊರಟ್ರೆ ವಾಪಸ್ ಬರೋ ತನಕ ನನ್ನ ರೆಪ್ಪೆ ಅಂಟ್ತಿರಲಿಲ್ಲ, ಗೊತ್ತೇನ್ರೀ? ಈಗ ಘಟ್ಟದಲ್ಲಿರ್ತಾರೆ, ಈಗ ಹಿಮದಲ್ಲಿರ್ತಾರೆ, ಬ್ರೇಕು ಹಿಡೀತೋ ಇಲ್ವೋ, ಜಾರಿದ್ರೋ ಏನೋ. ಗಾಳಿಗೆ ಬಾಗಿಲು ಬಡಿದ್ರೂ ಸುದ್ದಿ ತಂದ್ರು ಅಂತ ಎದೆ ಧಸಕ್ಕನ್ನೋದು. ಈ ವರ್ಷವೆಲ್ಲ ನೀವು ನೆಲದ ಮೇಲೆ ಕೂತು ಗೋಡೌನ್ ಕಾಯ್ತಿದ್ರಿ, ನಾನಿಲ್ಲಿ ಕಣ್ಣು ಬಿಟ್ಕೊಂಡು ಬಿದ್ದಿದ್ದೆ! ಒಂದು ಮಾತು ಹೇಳಿದ್ರೆ ನಾನು ನಿದ್ದೆ ಮಾಡ್ತಿದ್ದೆನಲ್ರೀ!"

ಇಬ್ಬರ ಮಧ್ಯೆ ನಾನ್ಯಾಕೆ ಎಂದು ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಕೋಣೆಯಿಂದ ಸ್ವಲ್ಪ ಹೊತ್ತು ಮೂಗೆಳೆಯುವ ಸದ್ದು ಕೇಳಿತು.

ಟೀ ಹಿಡಿದು ಬಂದರೆ ದೊಡ್ಡಮ್ಮ ಬಟ್ಟೆಗಳ ನಡುವೆಯೇ ಮಂಚದ ಮೇಲೆ ಒರಗಿದ್ದಳು, ಬಾಯಿ ಅರೆತೆರೆದಿತ್ತು, ಸಣ್ಣಗೆ ಗೊರಕೆ. ದೊಡ್ಡಪ್ಪ ತುಟಿಯ ಮೇಲೆ ಬೆರಳಿಟ್ಟ.

"ಬಸ್ಸಿಗೆ ಹೊತ್ತಾಯ್ತಲ್ಲ ದೊಡ್ಡಪ್ಪ?" ಎಂದು ಪಿಸುಗುಟ್ಟಿದೆ.

"ಹೋಗ್ಲಿ ಬಿಡು, ನಾಳೆ ಇನ್ನೊಂದಿದೆ. ನಾನು ಮನೇಲಿದ್ದಾಗೆಲ್ಲ ಇವಳು ನನ್ನ ಬಟ್ಟೆ ಒಗೀತಿರೋಳು, ಇಲ್ಲ ಕಟ್ತಿರೋಳು. ಇವಳು ನಿದ್ದೆ ಮಾಡೋದನ್ನ ನಾನು ನೋಡೇ ಇಲ್ಲ ಕಣಮ್ಮ," ಎಂದು ಅವನು ನೆಲದ ಮೇಲೆ ಕೂತು ನೋಡುತ್ತಲೇ ಇದ್ದ.